‘ಪ್ರೆನ್ಯೂಸ್’: ಮಂಗಳೂರಿಗೆ ಬಂದ ಫ್ರೆಂಚ್ ಯುದ್ಧನೌಕೆಯ ಕೊನೆಯ ಎರಡು ವರ್ಷಗಳು

ಸಭೆಯಲ್ಲಿರುವ ಹಿರಿಯರಿಗೂ ಇತಿಹಾಸಾಸಕ್ತರಿಗೂ ನನ್ನ ನಮಸ್ಕಾರಗಳು.

ನಾಲ್ಕನೆಯ ಮೈಸೂರು ಯುದ್ಧದ ಹಿನ್ನೆಲೆಯನ್ನು ಓದಿದವರಿಗೆಲ್ಲ ಒಂದು ಸಂಗತಿ ತಿಳಿದಿರುತ್ತದೆ. 1798ರ ಏಪ್ರಿಲ್ 26ರಂದು ಟಿಪ್ಪು ಸುಲ್ತಾನನ ಇಬ್ಬರು ರಾಯಭಾರಿಗಳು ಫ್ರೆಂಚರ ವಶದಲ್ಲಿದ್ದ ಮಾರಿಷಸ್ ದ್ವೀಪದಿಂದ ಹಿಂದಿರುಗಿ ಮಂಗಳೂರಿನಲ್ಲಿ ಇಳಿದರು. ಅವರೊಂದಿಗೆ ಬಂದ ಸ್ವಯಂಸೇವಕರ ಸಂಖ್ಯೆ ಸುಮಾರು ನೂರು ಮಾತ್ರ. ಸಾವಿರಾರು ಸೈನಿಕರನ್ನು ನಿರೀಕ್ಷಿಸಿದ್ದ ದೊರೆಗೆ ನೂರು ಜನ ಬಂದದ್ದೇಕೆ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಶ್ರೀರಂಗಪಟ್ಟಣ, ಕಲ್ಕತ್ತಾ, ಪ್ಯಾರಿಸ್‌ಗಳ ಕಾಗದಪತ್ರಗಳಲ್ಲಿ ಉತ್ತರ ಹುಡುಕುತ್ತೇವೆ. ಅವರನ್ನು ಹೊತ್ತು ತಂದ ಹಡಗಿನ ಕಡೆ ನೋಡುವವರು ಕಡಿಮೆ. ಆ ಹಡಗಿನ ಹೆಸರು ‘ಪ್ರೆನ್ಯೂಸ್’. ಅದು ಏತಕ್ಕಾಗಿ ಈ ಸಮುದ್ರದಲ್ಲಿತ್ತು, ಏನನ್ನು ಮಾಡಬಲ್ಲದಾಗಿತ್ತು, ಏನನ್ನು ಮಾಡಲಾರದಾಗಿತ್ತು ಎಂಬುದನ್ನು ಅರಿತರೆ ಆ ನೂರರ ಲೆಕ್ಕ ತಾನಾಗಿ ಅರ್ಥವಾಗುತ್ತದೆ ಎಂಬುದು ನನ್ನ ತಿಳಿವಳಿಕೆ. ಇಂದಿನ ಉಪನ್ಯಾಸ ಆ ಹಡಗಿನ ಕುರಿತೇ.

‘ಪ್ರೆನ್ಯೂಸ್’ ಫ್ರೆಂಚ್ ನೌಕಾಪಡೆಗೆ ಸೇರಿದ, ಸುಮಾರು 40 ತೋಪುಗಳ ಫ್ರಿಗೇಟ್. ಅಂದಿನ ದೊಡ್ಡ ಸಮರನೌಕೆಗಳಲ್ಲಿ ತೋಪುಗಳು ಎರಡು ಮೂರು ಅಂತಸ್ತುಗಳಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಫ್ರಿಗೇಟಿನಲ್ಲಿ ಮುಖ್ಯ ತೋಪುಗಳೆಲ್ಲ ಒಂದೇ ಅಂತಸ್ತಿನಲ್ಲಿ, ನೀರಿನ ಮಟ್ಟದಿಂದ ಸಾಕಷ್ಟು ಮೇಲೆ ಇರುತ್ತಿದ್ದವು. ಇದರಿಂದ ಅದು ಹಗುರ, ವೇಗಶಾಲಿ, ದೂರದ ಪ್ರಯಾಣಕ್ಕೆ ಯೋಗ್ಯ. ದೊಡ್ಡ ನೌಕೆಯನ್ನು ಕಂಡರೆ ತಪ್ಪಿಸಿಕೊಳ್ಳಬೇಕು, ಸರಕಿನ ಹಡಗನ್ನು ಕಂಡರೆ ಬೆನ್ನಟ್ಟಿ ಹಿಡಿಯಬೇಕು; ಇದೇ ಅದರ ಕಾಯಕ. ಬ್ರಿಟಿಷ್ ನೌಕಾಪಡೆಯನ್ನು ನೇರ ಸಮರದಲ್ಲಿ ಎದುರಿಸುವ ಬಲ ಹಿಂದೂ ಮಹಾಸಾಗರದಲ್ಲಿ ಫ್ರೆಂಚರಿಗೆ ಇರಲಿಲ್ಲ. ಆದ್ದರಿಂದ ಅವರು ಶತ್ರುವಿನ ವ್ಯಾಪಾರದ ಮೇಲೆ ಕೈಯಿಟ್ಟರು. ಈಸ್ಟ್ ಇಂಡಿಯಾ ಕಂಪನಿಯ ಒಂದು ಹಡಗು ಕೈತಪ್ಪಿದರೆ ಸರಕು, ಹಡಗು ಎರಡೂ ಹೋಗುವುದಲ್ಲದೆ ಲಂಡನ್ನಿನಲ್ಲಿ ವಿಮೆಯ ದರ ಏರುತ್ತದೆ, ಉಳಿದ ಹಡಗುಗಳು ಕಾವಲಿಗಾಗಿ ಬಂದರುಗಳಲ್ಲಿ ಕಾಯುತ್ತವೆ, ಆ ಕಾವಲಿಗೆ ಯುದ್ಧನೌಕೆಗಳು ಹಂಚಿಹೋಗುತ್ತವೆ.

ಈ ಕೆಲಸಕ್ಕೆ ಫ್ರೆಂಚರಿಗಿದ್ದ ಮುಖ್ಯ ನೆಲೆ ಈಲ್ ದ ಫ್ರಾನ್ಸ್, ಅಂದರೆ ಇಂದಿನ ಮಾರಿಷಸ್. 1796ರಲ್ಲಿ ಅಡ್ಮಿರಲ್ ಸೆರ್ಸೆಯ ನೇತೃತ್ವದಲ್ಲಿ ಒಂದು ಫ್ರಿಗೇಟ್ ದಳ ಅಲ್ಲಿಗೆ ಬಂದಿತು. ಅದೇ ದಳದೊಂದಿಗೆ ಬಂದ ಫ್ರೆಂಚ್ ಸರ್ಕಾರದ ಇಬ್ಬರು ಪ್ರತಿನಿಧಿಗಳು ಗುಲಾಮಗಿರಿಯನ್ನು ರದ್ದುಗೊಳಿಸುವ ಆಜ್ಞೆಯನ್ನು ತಂದಿದ್ದರು. ಗುಲಾಮರ ದುಡಿಮೆಯ ಮೇಲೆ ಬದುಕುತ್ತಿದ್ದ ತೋಟದ ಮಾಲೀಕರು ಆ ಇಬ್ಬರನ್ನು ದ್ವೀಪದಿಂದಲೇ ಹೊರದಬ್ಬಿದರು. ಅಂದಿನಿಂದ ಪ್ಯಾರಿಸ್ಸಿಗೂ ದ್ವೀಪಕ್ಕೂ ನಂಟು ಹಳಸಿತು. ನೌಕಾದಳಕ್ಕೆ ಆಹಾರ, ಹಗ್ಗ, ಹಾಯಿಬಟ್ಟೆ, ಕೂವೆಮರಗಳನ್ನು ಒದಗಿಸಲು ವಸಾಹತಿನ ಸಭೆ ಹಿಂದೆಮುಂದೆ ನೋಡತೊಡಗಿತು. ಮನುಷ್ಯರನ್ನು ಆಸ್ತಿಯಾಗಿ ಉಳಿಸಿಕೊಳ್ಳುವ ಹಟಕ್ಕಾಗಿ ಒಂದು ವಸಾಹತು ತನ್ನ ರಕ್ಷಣೆಯ ನೌಕೆಗಳನ್ನೇ ಸೊರಗಿಸಿತು ಎಂಬುದನ್ನು ನಾವು ಮರೆಯಬಾರದು.

ಕೊಳ್ಳೆಯ ಯುದ್ಧದಲ್ಲಿ ಧೈರ್ಯದಷ್ಟೇ ಮಾಹಿತಿಯೂ ಮುಖ್ಯ ಎಂಬುದಕ್ಕೆ 1797ರ ಜನವರಿ 28ರಂದು ಬಾಲಿ ಜಲಸಂಧಿಯ ಬಳಿ ನಡೆದ ಘಟನೆಯೇ ಸಾಕ್ಷಿ. ಸೆರ್ಸೆಯ ಬಳಿ ಆರು ಫ್ರಿಗೇಟುಗಳಿದ್ದವು. ಎದುರಿಗೆ ಸಿಕ್ಕಿದ್ದು ಕಂಪನಿಯ ಕೆಲವು ವ್ಯಾಪಾರದ ಹಡಗುಗಳು. ಅವುಗಳ ನಾಯಕ ಚಾರ್ಲ್ಸ್ ಲೆನಾಕ್ಸ್ ಓಡಿಹೋಗುವ ಬದಲು ಯುದ್ಧನೌಕೆಗಳ ಬಾವುಟಗಳನ್ನು ಏರಿಸಿ, ಸಾಲುಗಟ್ಟಿ ಮುಂದೆ ಬಂದ. ದೂರದಿಂದ ಕಂಪನಿಯ ದೊಡ್ಡ ಹಡಗು ಸಮರನೌಕೆಯಂತೆಯೇ ಕಾಣುತ್ತಿತ್ತು. ಹಾನಿಗೊಂಡರೆ ರಿಪೇರಿಗೆ ಸಾಮಗ್ರಿ ಇಲ್ಲವೆಂಬ ಭಯ ಬೇರೆ ಕಾಡುತ್ತಿದ್ದ ಸೆರ್ಸೆ ಹಿಂದೆ ಸರಿದ.

ಅದೇ ವರ್ಷ ರಿಪೋ ಎಂಬ ಫ್ರೆಂಚ್ ಖಾಸಗಿ ಕೊಳ್ಳೆಗಾರ ತನ್ನ ಜಖಂಗೊಂಡ ಹಡಗಿನೊಂದಿಗೆ ಮಂಗಳೂರಿಗೆ ಬಂದು, ದ್ವೀಪದಲ್ಲಿ ದೊಡ್ಡ ಸೈನ್ಯ ಸಿದ್ಧವಾಗಿದೆ ಎಂದು ಟಿಪ್ಪುವನ್ನು ನಂಬಿಸಿದ. ರಾಯಭಾರಿಗಳು 1798ರ ಜನವರಿಯಲ್ಲಿ ದ್ವೀಪದ ಬಂದರಾದ ಪೋರ್ಟ್ ಲೂಯಿ ತಲುಪಿದಾಗ ಅಲ್ಲಿ ಅಂಥ ಸೈನ್ಯವೇ ಇರಲಿಲ್ಲ. ಗುಟ್ಟಾಗಿ ನಡೆಯಬೇಕಿದ್ದ ಸಂಧಾನವನ್ನು ಗವರ್ನರ್ ಮಲಾರ್ತಿಕ್ ಜನವರಿ 30ರಂದು ಸಾರ್ವಜನಿಕ ಘೋಷಣೆಯಾಗಿ ಅಚ್ಚು ಹಾಕಿಸಿ, ಮೈಸೂರಿನ ಸೇವೆಗೆ ಸ್ವಯಂಸೇವಕರು ಬೇಕೆಂದು ಕರೆಕೊಟ್ಟ. ಕೊಡಲು ಸೈನಿಕರಿಲ್ಲದವನು ಗುಟ್ಟನ್ನೂ ಉಳಿಸಲಿಲ್ಲ. ಇದು ನನಗೆ ಇಡೀ ಪ್ರಕರಣದ ಅತ್ಯಂತ ಕ್ಷಮಿಸಲಾಗದ ಅಂಶವಾಗಿ ತೋರುತ್ತದೆ.

ಮಾರ್ಚ್ 7ರಂದು ರಾಯಭಾರಿಗಳೂ ಸ್ವಯಂಸೇವಕರೂ ‘ಪ್ರೆನ್ಯೂಸ್’ ಏರಿದರು. ಅದರ ಕ್ಯಾಪ್ಟನ್ ನಾರ್ಮಂಡಿಯ ಕುತಾನ್ಸ್ ಊರಿನಲ್ಲಿ 1766ರಲ್ಲಿ ಹುಟ್ಟಿದ ಜಾನ್ ಲೆರ್ಮಿತ್. ಈ ಯಾನದಲ್ಲಿ ನಡೆದ ಒಂದು ಘಟನೆ ಹಡಗಿನ ನಿಜವಾದ ಸ್ವಭಾವವನ್ನು ತೋರಿಸುತ್ತದೆ. ಏಪ್ರಿಲ್ 20ರಂದು, ಮಂಗಳೂರು ತಲುಪಲು ಇನ್ನೂ ಆರು ದಿನಗಳಿರುವಾಗ, ಅದು ಮಲಬಾರ್ ಕರಾವಳಿಯ ತಲಶ್ಶೇರಿಯ ಎದುರಿನ ಸಮುದ್ರಕ್ಕೆ ಬಂದಿತು. ತಲಶ್ಶೇರಿ ಕಂಪನಿಯ ಕೋಟೆಯಿದ್ದ, ಕರಿಮೆಣಸಿನ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿದ್ದ ‘ರೇಮಂಡ್’ ಮತ್ತು ‘ವುಡ್‌ಕಾಟ್’ ಎಂಬ ಕಂಪನಿಯ ಎರಡು ಹಡಗುಗಳನ್ನು ಲೆರ್ಮಿತ್ ವಶಪಡಿಸಿಕೊಂಡ. ರಾಜತಾಂತ್ರಿಕರನ್ನು ಹೊತ್ತ ಹಡಗು ಶತ್ರುವಿನ ಕಣ್ಣು ತಪ್ಪಿಸಿ ಹೋಗಬೇಕೆಂದು ನಾವು ಭಾವಿಸುತ್ತೇವೆ. ಆದರೆ ಕೊಳ್ಳೆಯ ನೌಕೆಗೆ ಸರಕಿನ ಹಡಗು ಕಂಡ ಮೇಲೆ ಬಿಟ್ಟುಹೋಗುವ ಮಾತೇ ಇಲ್ಲ. ಹಿಡಿದ ಪ್ರತಿ ಹಡಗನ್ನು ನಡೆಸಲು ತನ್ನ ನಾವಿಕರಲ್ಲೇ ಕೆಲವರನ್ನು ಕಳುಹಿಸಬೇಕು, ಸೆರೆಯಾಳುಗಳನ್ನು ಕಾಯಬೇಕು, ಅವರಿಗೂ ಕುಡಿಯುವ ನೀರು ಕೊಡಬೇಕು. ಹೀಗೆ ಗೆದ್ದಷ್ಟೂ ನೌಕೆಯ ಜನಬಲ ಕರಗುತ್ತಾ ಹೋಗುತ್ತದೆ. ಇಂಥ ಹಡಗು ಸೈನ್ಯವನ್ನು ಸಾಗಿಸುವ ಸಾಧನವಾಗುವುದು ಸಾಧ್ಯವಿರಲಿಲ್ಲ. ಮೈಸೂರಿಗೆ ಬೇಕಾಗಿದ್ದದ್ದು ದಂಡು. ದ್ವೀಪದಲ್ಲಿ ಇದ್ದದ್ದು ದಾರಿಕಾಯುವ ನೌಕೆಗಳು.

ಮಲಾರ್ತಿಕನ ಘೋಷಣೆ ಜೂನ್ ತಿಂಗಳಲ್ಲಿ ಕಲ್ಕತ್ತಾಕ್ಕೆ ಮುಟ್ಟಿತು. ಆಗತಾನೇ ಗವರ್ನರ್ ಜನರಲ್ ಆಗಿ ಬಂದಿದ್ದ ಮಾರ್ನಿಂಗ್‌ಟನ್, ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು, ಮೈಸೂರಿನ ಮೇಲೆ ಯುದ್ಧಕ್ಕೆ ಅದನ್ನೇ ಆಧಾರ ಮಾಡಿಕೊಂಡ. ‘ಪ್ರೆನ್ಯೂಸ್’ ಅಷ್ಟರಲ್ಲಿ ಪೂರ್ವಕ್ಕೆ, ಡಚ್ಚರ ಜಾವಾ ಕಡೆಗೆ ಹೊರಟುಹೋಗಿತ್ತು. 1799ರ ಜನವರಿ 27ರಂದು ಅದು ‘ಬ್ರೂಲ್ ಗಲ್’ ಎಂಬ ಸಣ್ಣ ನೌಕೆಯೊಂದಿಗೆ, ಮನಿಲಾದಿಂದ ಬಂದ ಸ್ಪೇನಿನ ದಳವನ್ನು ಕೂಡಿಕೊಂಡು ಚೀನಾದ ಮಕಾವ್ ಬಳಿ ಬ್ರಿಟಿಷರ ವ್ಯಾಪಾರದ ಹಡಗುಗಳ ಮೇಲೆ ಕಣ್ಣಿಟ್ಟಿತು. ಬೆನ್ನಟ್ಟುವಿಕೆ ನಡೆಯಿತು, ಸಮರ ನಡೆಯಲಿಲ್ಲ. ಎರಡೂ ಕಡೆಯವರು ಎದುರಾಳಿಯೇ ಹಿಮ್ಮೆಟ್ಟಿದನೆಂದು ಬರೆದುಕೊಂಡರು.

ಅದು ಮತ್ತೆ ಈಲ್ ದ ಫ್ರಾನ್ಸ್ ಸೇರಿದ್ದು 1799ರ ಮೇ ತಿಂಗಳಲ್ಲಿ. ಅದೇ ತಿಂಗಳ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದಿದ್ದ. ಸೆರ್ಸೆಯ ದಳದಲ್ಲಿ ಆ ಹೊತ್ತಿಗೆ ಉಳಿದದ್ದು ಅತ್ಯಲ್ಪ: ‘ಸೇನ್’ ಫ್ರಾನ್ಸಿನ ತೀರದಲ್ಲಿ ಶತ್ರುವಶವಾಗಿತ್ತು, ‘ಪ್ರುದಾಂತ್’ 1799ರ ಫೆಬ್ರವರಿಯಲ್ಲಿ ಸೆರೆಸಿಕ್ಕಿತ್ತು, ದಳದ ಅತಿ ಬಲಿಷ್ಠ ನೌಕೆ ‘ಫೋರ್ತ್’ ಬಂಗಾಳ ಕೊಲ್ಲಿಯಲ್ಲಿ ‘ಸಿಬಿಲ್’ ಎಂಬ ಬ್ರಿಟಿಷ್ ಫ್ರಿಗೇಟಿಗೆ ಸೋತಿತ್ತು.

ಒಂಟಿಯಾದ ‘ಪ್ರೆನ್ಯೂಸ್’ ಆಫ್ರಿಕಾದ ದಕ್ಷಿಣ ತೀರಕ್ಕೆ ಕೊನೆಯ ಬೇಟೆಗೆ ಹೊರಟಿತು. ಸೆಪ್ಟೆಂಬರ್ 20ರಂದು ಅಲ್ಗೋವಾ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ‘ಕ್ಯಾಮೆಲ್’ ಮತ್ತು ‘ರ‍್ಯಾಟಲ್‌ಸ್ನೇಕ್’ ಎಂಬ ಎರಡು ಸಣ್ಣ ಬ್ರಿಟಿಷ್ ಹಡಗುಗಳ ಮೇಲೆ ಅದು ರಾತ್ರಿ ಎರಗಿತು. ಎರಡರ ಕ್ಯಾಪ್ಟನ್‌ಗಳೂ ಆಗ ದಡದಲ್ಲಿದ್ದರು. ಆದರೂ ಉಳಿದವರು ತಡರಾತ್ರಿಯವರೆಗೆ ತೋಪು ಹಾರಿಸಿ ಲೆರ್ಮಿತನನ್ನು ಹಿಮ್ಮೆಟ್ಟಿಸಿದರು. ಕೆಲವೇ ವಾರಗಳಲ್ಲಿ ಅದೃಷ್ಟ ತಿರುಗಿತು. ಅಕ್ಟೋಬರ್‌ನಲ್ಲಿ 50 ತೋಪುಗಳ ಬ್ರಿಟಿಷ್ ನೌಕೆ ‘ಜೂಪಿಟರ್’ ಬೆನ್ನಟ್ಟಿ ಬಂದಾಗ ಸಮುದ್ರ ಉಕ್ಕುತ್ತಿತ್ತು. ‘ಜೂಪಿಟರ್’ನ ಭಾರಿ ತೋಪುಗಳು ಕೆಳಅಂತಸ್ತಿನಲ್ಲಿ, ನೀರಿಗೆ ತೀರಾ ಹತ್ತಿರದಲ್ಲಿದ್ದವು, ಅವುಗಳ ಕಿಂಡಿಗಳನ್ನು ತೆರೆದರೆ ಅಲೆ ಒಳನುಗ್ಗುತ್ತಿತ್ತು. ಹೀಗಾಗಿ ದೊಡ್ಡ ಹಡಗು ತನ್ನ ಮುಖ್ಯ ಆಯುಧವನ್ನೇ ಬಳಸಲಾರದೆ ಹೋಯಿತು, ಎತ್ತರದಲ್ಲಿದ್ದ ಫ್ರಿಗೇಟಿನ ತೋಪುಗಳು ನಿರಾತಂಕವಾಗಿ ಕೆಲಸ ಮಾಡಿದವು. ಲೆರ್ಮಿತ್ ಹತ್ತಿರ ನುಗ್ಗಿ ಅದರ ಕೂವೆ, ಹಗ್ಗಗಳನ್ನು ಹರಿದುಹಾಕಿದ. ‘ಜೂಪಿಟರ್’ ಆಫ್ರಿಕಾದ ದಕ್ಷಿಣ ತುದಿಯ ಕೇಪಿಗೆ ಹಿಂದಿರುಗಬೇಕಾಯಿತು. ಹಡಗಿನ ರಚನೆ, ಗಾಳಿ, ಅಲೆ ಮೂರನ್ನೂ ಒಟ್ಟಿಗೆ ಓದಬಲ್ಲ ನಾವಿಕನ ಗೆಲುವು ಇದು. ಅವನ ವೃತ್ತಿಜೀವನದ ಶ್ರೇಷ್ಠ ಕ್ಷಣವೆಂದು ನಾನು ಎಣಿಸುವುದು ಇದನ್ನೇ.

ಆದರೆ ಈ ಗೆಲುವಿನಿಂದ ಹೊಸ ಹಗ್ಗವಾಗಲಿ, ಕೂವೆಯಾಗಲಿ, ತಾಜಾ ನಾವಿಕರಾಗಲಿ ದೊರೆಯುವಂತಿರಲಿಲ್ಲ. ಡಿಸೆಂಬರ್ 11ರಂದು, ಪೋರ್ಟ್ ಲೂಯಿ ಇನ್ನೇನು ಕೈಗೆಟುಕುವಷ್ಟರಲ್ಲಿ, 74 ತೋಪುಗಳ ‘ಟ್ರೆಮೆಂಡಸ್’ ಮತ್ತು 50 ತೋಪುಗಳ ‘ಆಡಮಂಟ್’ ದಾರಿಗೆ ಅಡ್ಡ ಬಂದವು. ತೀರಕ್ಕೆ ಒತ್ತಿಕೊಂಡು ಓಡಿದ ‘ಪ್ರೆನ್ಯೂಸ್’ ತೊಂಬೊ ಕೊಲ್ಲಿಯ ಬಳಿ ತಳ ಕಚ್ಚಿತು. ಲೆರ್ಮಿತ್ ನಾವಿಕರನ್ನು ದಡಕ್ಕೆ ಕಳುಹಿಸಿ ಕೆಲವೇ ಅಧಿಕಾರಿಗಳೊಂದಿಗೆ ಹಡಗಿನಲ್ಲೇ ಉಳಿದ. ದಡದ ತೋಪುಗಳ ಗುಂಡಿನ ನಡುವೆಯೇ ಬ್ರಿಟಿಷ್ ದೋಣಿಗಳು ಬಂದು ಅವನನ್ನು ಸೆರೆಹಿಡಿದು, ಹಡಗಿಗೆ ಬೆಂಕಿ ಇಟ್ಟವು. ಸ್ವಲ್ಪ ಕಾಲದಲ್ಲೇ ಬಿಡುಗಡೆಯಾಗಿ ದ್ವೀಪಕ್ಕೆ ಬಂದ ಅವನನ್ನು ಪೋರ್ಟ್ ಲೂಯಿ ತೋಪಿನ ಗೌರವದೊಂದಿಗೆ ಬರಮಾಡಿಕೊಂಡಿತು.

ಅಲ್ಲಿಂದ ಮುಂದೆ ಕೆಲಕಾಲ ಕೊಳ್ಳೆಯ ಯುದ್ಧ ಖಾಸಗಿಯವರ ಕೈಗೆ ಹೋಯಿತು. 1800ರ ಅಕ್ಟೋಬರ್‌ನಲ್ಲಿ ರೋಬೆರ್ ಸುರ್ಕೂಫ್ ಬಂಗಾಳ ಕೊಲ್ಲಿಯಲ್ಲಿ ಕಂಪನಿಯ ‘ಕೆಂಟ್’ ಹಡಗನ್ನು ಹಿಡಿದ. ನೆಪೋಲಿಯನ್ನನ ಕಾಲದಲ್ಲಿ ಫ್ರಿಗೇಟುಗಳು ಮತ್ತೆ ಬಂದವು, ಕಂಪನಿಯ ಹಡಗುಗಳು ಮತ್ತೆ ಕೈತಪ್ಪಿದವು. ಸಮುದ್ರದಲ್ಲಿ ಒಂದೊಂದಾಗಿ ನೌಕೆಗಳನ್ನು ಬೇಟೆಯಾಡಿ ಪ್ರಯೋಜನವಿಲ್ಲ, ಅವು ತಂಗುವ ಬಂದರನ್ನೇ ಹಿಡಿಯಬೇಕು ಎಂಬ ನಿರ್ಧಾರಕ್ಕೆ ಬ್ರಿಟಿಷರು ಕೊನೆಗೆ ಬಂದರು. ಭಾರತದಿಂದ ಮತ್ತು ಕೇಪಿನಿಂದ ಸೈನ್ಯವನ್ನು ಕೂಡಿಸಿ, 1810ರ ಡಿಸೆಂಬರ್‌ನಲ್ಲಿ ಈಲ್ ದ ಫ್ರಾನ್ಸನ್ನು ವಶಪಡಿಸಿಕೊಂಡರು.