ಮಿಂದ ಮೇಲಿನ ತುರಿಕೆ

ಕೇಳುಗರಿಗೆ ನಮಸ್ಕಾರ. ಬದಿಯಡ್ಕದ ಕಡೆ ಒಂದು ಸಣ್ಣ ಲ್ಯಾಬಿನಲ್ಲಿ ಬಹಳ ವರ್ಷ ರಕ್ತ ಪರೀಕ್ಷೆ ಮಾಡಿದವನು ನಾನು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ: "ರಕ್ತ ಕಮ್ಮಿ ಉಂಟಾ ನೋಡಿ." ಜಾಸ್ತಿ ಇದೆ ಅಂದರೆ ಖುಷಿಯಾಗಿ ಹೋಗುತ್ತಿದ್ದರು.

ಒಮ್ಮೆ ನಮ್ಮ ಊರಿನ ಒಬ್ಬರು ಮಾವ ಬಂದರು. ಅಡಿಕೆ ತೋಟದವರು, 60 ದಾಟಿದ ಪ್ರಾಯ, ಮುಖ ಕೆಂಪು ಕೆಂಪು. ಬಿಸಿನೀರಲ್ಲಿ ಮಿಂದರೆ ಸಾಕು, ಮೈಯೆಲ್ಲ ತುರಿಕೆ. ದದ್ದು ಮಾತ್ರ ಒಂದೂ ಇಲ್ಲ. ಸೋಪು ಬದಲಿಸಿದ್ದಾಯಿತು, ಗುಡ್ಡ ಕೊರೆದ ಸುರಂಗದ ನೀರು ಬಿಟ್ಟು ಬಾವಿ ನೀರಲ್ಲಿ ಮಿಂದದ್ದೂ ಆಯಿತು. ಹಿಮೋಗ್ಲೋಬಿನ್ 19 ಬಂತು, ಇರಬೇಕಾದ್ದಕ್ಕಿಂತ ಬಹಳ ಜಾಸ್ತಿ. ನಂಬಿಕೆಯಾಗದೆ ಇನ್ನೊಮ್ಮೆ ನೋಡಿದೆ. ಅಷ್ಟೇ ಇತ್ತು. "ಈ ಪ್ರಾಯದಲ್ಲೂ ಎಷ್ಟು ರಕ್ತ ನೋಡು ಮಾರಾಯ!" ಎಂದು ಮಾವ ನಕ್ಕರು. ನನಗೆ ನಗು ಬರಲಿಲ್ಲ.

ಬೀಡಿ ಸೇದುವವರಿಗೆ, ಶ್ವಾಸಕೋಶದ ತೊಂದರೆ ಇದ್ದವರಿಗೆ, ವಾಂತಿಭೇದಿಯಾಗಿ ನೀರು ಬತ್ತಿದವರಿಗೆ ಕೂಡ ಈ ಸಂಖ್ಯೆ ಏರುತ್ತದೆ. ಸುಮ್ನೆ ಹೆದರುವುದು ಬೇಡ. ಆದರೆ ಮಾವನಿಗೆ ಮಂಗಳೂರಿನ ಡಾಕ್ಟರು ಹೇಳಿದ್ದು ಪಾಲಿಸೈಥೀಮಿಯಾ ವೆರಾ. ಅಪರೂಪದ ರಕ್ತದ ಕ್ಯಾನ್ಸರ್, ನಿಧಾನದ್ದು. ಮೂಳೆಯ ಮಜ್ಜೆ ಲೆಕ್ಕ ತಪ್ಪಿ ಕೆಂಪು ಕಣ ಮಾಡುತ್ತಲೇ ಇರುತ್ತದೆ. ಇದರ ಹಿಂದೆ ಜಾಕ್-2 ಎಂಬ ಜೀನಿನ ಬದಲಾವಣೆ ಇದೆಯೆಂದು 2005ರಲ್ಲಿ ಗೊತ್ತಾಯಿತು. 100ರಲ್ಲಿ ಸುಮಾರು 95 ರೋಗಿಗಳಲ್ಲಿ ಅದು ಸಿಗುತ್ತದೆ.

ಕ್ಯಾನ್ಸರ್ ಅಂದ ಕೂಡಲೇ ಮಾವ ಕೇಳಿದ್ದು, "ಗಡ್ಡೆ ಎಲ್ಲಿ?" ಗಡ್ಡೆ ಇಲ್ಲ. ಇಲ್ಲಿ ಹೆದರಬೇಕಾದದ್ದು ರಕ್ತ ಹೆಪ್ಪುಗಟ್ಟುವುದಕ್ಕೆ. ತೆಳಿಯ ಹಾಗೆ ಹರಿಯಬೇಕಾದ ರಕ್ತ ಗಂಜಿಯೇ ಆಗಿಬಿಟ್ಟರೆ? ಸಾಲದ್ದಕ್ಕೆ ಬಿಳಿ ಕಣ, ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳೂ ಅಂಟಿಕೊಳ್ಳತೊಡಗುತ್ತವೆ. ಮೆದುಳಿನಲ್ಲಿ ಹೆಪ್ಪುಗಟ್ಟಿದರೆ ಪಾರ್ಶ್ವವಾಯು, ಹೃದಯದಲ್ಲಾದರೆ ಹಾರ್ಟ್ ಅಟ್ಯಾಕ್. ಕಾಲಿನಲ್ಲಾದರೆ ಒಂದೇ ಕಾಲು ಬಾತುಕೊಳ್ಳುತ್ತದೆ. ಲಿವರಿನ ನಾಳದಲ್ಲೂ ಆಗಬಹುದು. ಸಣ್ಣ ಪ್ರಾಯದ ಕೆಲವರಲ್ಲಿ ಈ ಕಾಯಿಲೆ ಗೊತ್ತಾಗುವುದೇ ಹಾಗೆ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಗಾಡಿ ಹತ್ತಿಸಿ.

ಮುಖ್ಯ ಚಿಕಿತ್ಸೆ ರಕ್ತ ತೆಗೆಯುವುದು, ಒಂದು ಸಲಕ್ಕೆ 350ರಿಂದ 450 ಎಂ.ಎಲ್. "ಮಳೆಗಾಲದಲ್ಲಿ ಇಂಬಳ ಇದೆಯಲ್ಲ, ಸಾಲದಾ?" ಎಂದು ಮಾವನ ತಮಾಷೆ. ಸಾಲದು. ರಿಪೋರ್ಟಿನಲ್ಲಿ ಪಿಸಿವಿ ಅಂತ ಇರುತ್ತದಲ್ವಾ, ರಕ್ತದ 100 ಪಾಲಿನಲ್ಲಿ ಕೆಂಪು ಕಣದ ಪಾಲು ಎಷ್ಟು ಎಂಬ ಲೆಕ್ಕ, ಅದು 45ರ ಕೆಳಗೆ ನಿಲ್ಲಬೇಕು. 50ರ ತನಕ ಬಿಟ್ಟವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾವು ಇಲ್ಲವೇ ದೊಡ್ಡ ಹೆಪ್ಪು ಸುಮಾರು 4 ಪಟ್ಟು ಜಾಸ್ತಿ ಎಂದು 2013ರಲ್ಲಿ ಇಟಲಿಯವರು ತೋರಿಸಿಕೊಟ್ಟರು. ಜೊತೆಗೆ ಸಣ್ಣ ಡೋಸಿನ ಆಸ್ಪಿರಿನ್. 60 ದಾಟಿದವರಿಗೆ, ಮೊದಲೇ ಹೆಪ್ಪುಗಟ್ಟಿದವರಿಗೆ ಸಾಮಾನ್ಯವಾಗಿ ಹೈಡ್ರಾಕ್ಸಿಯೂರಿಯಾ ಮಾತ್ರೆಯೂ ಇರುತ್ತದೆ. ಎಲ್ಲವೂ ಡಾಕ್ಟರು ಹೇಳಿದಂತೆಯೇ.

ರಕ್ತ ತೆಗೆದಾಗ ಕಬ್ಬಿಣದ ಅಂಶ ಇಳಿದು ಸುಸ್ತಾಗುತ್ತದೆ. ಮಾವನ ಮನೆಯವರು ಪಾಪ, ಪ್ರೀತಿಯಿಂದ ಕಬ್ಬಿಣದ ಮಾತ್ರೆ ತಂದುಕೊಟ್ಟರು. ಮುಂದಿನ ತಿಂಗಳು ಪಿಸಿವಿ ಸರ್ರನೆ ಮೇಲೆ! ಡಾಕ್ಟರ ಹತ್ತಿರ ಬೈಗುಳ ತಿಂದದ್ದು ಮಾವ.

ಈಗ ಅವರ ಹಂಡೆಗೆ ಎರಡೇ ಸೋಗೆಯ ಬೆಂಕಿ, ಉಗುರುಬೆಚ್ಚಗಿನ ನೀರು. ತುರಿಕೆ ಪೂರ್ತಿ ಹೋಗಿಲ್ಲ. ಪಿಸಿವಿ ಕಳೆದ ಸಲ 44.