ಡೆಡ್ ಫೋನ್ ವೈರಲ್ಲಿ ಅಪ್ಪನ ಹಾರ್ಮೋನಿಯಂ

ಈ ಗೋಡೆ ಮೇಲಿರೋ ಬಿಳಿ ಡಬ್ಬಿ ನೋಡಿ. ಟೆಲಿಫೋನ್ ರೋಸೆಟ್ ಬಾಕ್ಸು. ತುಮಕೂರಲ್ಲಿ ಲ್ಯಾಂಡ್‌ಲೈನ್ ಇದ್ದ ಹಳೇ ಮನೆಗಳಲ್ಲಿ ಬಾಗಿಲ ಪಕ್ಕ ಇಂಥದ್ದೊಂದು ಉಳ್ಕೊಂಡಿರುತ್ತೆ, ಪೇಂಟಿನವರು ಅದರ ಮೇಲೂ ಬಳ್ಕೊಂಡು ಹೋಗಿರ್ತಾರೆ. ನಮ್ಮನೇಲಿ ಫೋನ್ ಸರೆಂಡರ್ ಮಾಡಿ ಎಷ್ಟೋ ವರ್ಷ ಆಯ್ತು. ಆದ್ರೆ ಮಹಡಿ ರೂಮಿಗೂ ಒಂದು ಪ್ಯಾರಲಲ್ ಫೋನ್ ಇರ್ಲಿ ಅಂತ ಆಗ ಎಳೆಸಿದ್ದ ವೈರು ಹಾಗೇ ಇದೆ. "ಕಿತ್ತಾಕೋ ಅದನ್ನ, ಧೂಳು ಕೂರುತ್ತೆ" ಅಂತ ಅಮ್ಮ ಹೇಳ್ತಾನೇ ಇರ್ತಾರೆ. ಕೀಳಲ್ಲ. ಇವತ್ತು ಅದಕ್ಕೆ ಕೆಲಸ ಇದೆ.

ಕಂಪ್ಯೂಟರ್ ಮೇಲೆ ಮಹಡಿ ರೂಮಲ್ಲಿ, ಆಂಪ್ಲಿಫೈಯರ್ ಕೆಳಗೆ ಹಾಲ್‌ನಲ್ಲಿ. ಕಂಪ್ಯೂಟರಿನ ಹಾಡನ್ನ ಈ ವೈರಲ್ಲೇ ಕೆಳಗಿಳಿಸ್ಬೇಕು. ಅಪ್ಪ ನಾಟಕದ ಹುಚ್ಚಿನವರು. ಗುಬ್ಬಿ ವೀರಣ್ಣನವರ ಜಿಲ್ಲೆ ಅಲ್ವಾ, ಪೌರಾಣಿಕ ನಾಟಕ ಅಂದ್ರೆ ಈ ಕಡೆ ಜನ ಈಗ್ಲೂ ರಾತ್ರಿಯೆಲ್ಲಾ ಕೂರ್ತಾರೆ. ಪ್ರಾಕ್ಟೀಸ್ ನಡೆಯುವಾಗ ಹಾರ್ಮೋನಿಯಂ ಮೇಷ್ಟ್ರ ಪಕ್ಕ ಟೇಪ್‌ರೆಕಾರ್ಡರ್ ಇಟ್ಕೊಂಡು ಅಪ್ಪ ತುಂಬಿಸಿದ್ದ ಕ್ಯಾಸೆಟ್‌ಗಳನ್ನೆಲ್ಲ ನಾನು ಕಂಪ್ಯೂಟರಿಗೆ ಹಾಕಿದೀನಿ. ಅವರಿಗೆ ಅದನ್ನ ತಮ್ಮ ಹಳೇ ಅಹುಜಾ ಆಂಪ್ಲಿಫೈಯರಲ್ಲೇ ಕೇಳ್ಬೇಕು. ಮೊಬೈಲಲ್ಲಿ ಹಾಕ್ಕೊಟ್ರೆ, "ಇದೇನೋ ಇದು, ಮೇಷ್ಟ್ರಿಗೆ ನೆಗಡಿ ಆದಂಗಿದೆ" ಅಂದ್ರು. ಬ್ಲೂಟೂತ್ ಕೇಳ್ಬೇಡಿ, ಮಧ್ಯ ಮೋಲ್ಡ್ ಇದೆ, ಹಳೇ ಕಾಲದ ದಪ್ಪ ಗೋಡೆ ಇದೆ.

ಫೋನ್ ವೈರಲ್ಲಿ ಹಾಡು ಹೋದ್ರೆ ಫೋನಲ್ಲಿ ಕೇಳ್ದಂಗೇ ಇರುತ್ತಲ್ಲ ಅಂತ ನಿಮಗೂ ಅನ್ನಿಸಿರ್ಬಹುದು. ಇರಲ್ಲ. ಫೋನ್ ದನಿ ತೆಳ್ಳಗಿರೋದು ವೈರಿಂದಲ್ಲ. ಟೆಲಿಫೋನ್ ವ್ಯವಸ್ಥೆನೇ 300ರಿಂದ 3400 ಹರ್ಟ್ಸ್‌ವರೆಗೆ ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ಕತ್ತರಿಸಿಬಿಡುತ್ತೆ, ಮಾತು ಅರ್ಥ ಆಗೋಕೆ ಅಷ್ಟು ಸಾಕು ಅಂತ. ವೈರಿಗೆ ಆ ಮಿತಿ ಇಲ್ಲ. ಇದೇ ತಾಮ್ರದ ಜೋಡಿ ಮೇಲೆ ತಾನೇ ಒಂದು ಕಾಲದಲ್ಲಿ ಬ್ರಾಡ್‌ಬ್ಯಾಂಡ್ ಬರ್ತಿದ್ದಿದ್ದು? ಮಾಮೂಲಿ ಎಡಿಎಸ್ಎಲ್ ಸುಮಾರು 1.1 ಮೆಗಾಹರ್ಟ್ಸ್‌ವರೆಗೆ ಹೋಗ್ತಿತ್ತು. ನಮ್ಮ ಕಿವಿಗೆ ಬೇಕಾಗಿರೋದು ಹೆಚ್ಚು ಅಂದ್ರೆ 20 ಕಿಲೋಹರ್ಟ್ಸ್.

ಇಲ್ನೋಡಿ, ಹೊದಿಕೆ ಸುಲಿದಿದೀನಿ. ಎರಡು ಎಳೆ, ಒಂದಕ್ಕೊಂದು ಸುತ್ತಿಕೊಂಡಿದೆ, ತೆಂಗಿನ ನಾರಿನ ಹಗ್ಗ ಹೊಸೆದ ಹಾಗೆ. ಇದಕ್ಕೆ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ತಗೊಂಡಿದ್ರು. ಪಕ್ಕದಲ್ಲಿ ಕರೆಂಟ್ ವೈರ್ ಹೋಗ್ತಿದ್ರೆ ಅದರ ಗಲಾಟೆ ಎರಡೂ ಎಳೆಗೆ ಸಮನಾಗಿ ಬೀಳುತ್ತೆ. ಆ ಕಡೆ ಕೂತಿರೋ ಯಂತ್ರ ಎರಡರ ನಡುವಿನ ವ್ಯತ್ಯಾಸ ಮಾತ್ರ ನೋಡಿದ್ರೆ ಗಲಾಟೆ ವಜಾ ಆಗಿ ಹಾಡು ಉಳಿಯುತ್ತೆ. ಈ "ವ್ಯತ್ಯಾಸ ಮಾತ್ರ" ಅನ್ನೋದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆಲಸಕ್ಕೆ ಕೈ ಹಾಕೋ ಮುಂಚೆ ರೋಸೆಟ್ ಬಾಕ್ಸಲ್ಲಿ ಹೊರಗಿನ ಕಂಬದಿಂದ ಬರೋ ವೈರನ್ನ ಬಿಚ್ಚಿಹಾಕಿ. ಲೈನ್ ಜೀವಂತ ಇದ್ರೆ ಅದರಲ್ಲಿ 48 ವೋಲ್ಟ್ ಡಿಸಿ ಇರುತ್ತೆ, ರಿಂಗ್ ಬಂದಾಗ ಇನ್ನೂ ಜಾಸ್ತಿ. ಡೆಡ್ ಆಗಿದ್ರೂ ಬಿಚ್ಚಿ, ಸಿಡಿಲು ಅದನ್ನೆಲ್ಲ ಕೇಳ್ಕೊಂಡು ಬರಲ್ಲ.

ಅಪ್ಪನ ಸ್ನೇಹಿತರೊಬ್ರು ಸುಲಭದ ದಾರಿ ಹೇಳಿದ್ರು: ಆಂಪ್ಲಿಫೈಯರ್ ಮೇಲಿಡು, ಸ್ಪೀಕರ್ ವೈರ್ ಬದಲು ಇದನ್ನೇ ಕೆಳಗಿಳಿಸು. ಬೇಡ. ಒಂದು ತುದೀಲಿ ಎರಡೂ ಎಳೆ ಸೇರಿಸಿ ಇನ್ನೊಂದು ತುದೀಲಿ ಮೀಟರ್ ಹಿಡಿದ್ರೆ ವೈರಿನ ರೆಸಿಸ್ಟೆನ್ಸ್, ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆ, 4 ಓಮ್ ಚಿಲ್ಲರೆ ತೋರಿಸ್ತಿದೆ. 8 ಓಮ್ ಸ್ಪೀಕರ್ ಹಾಕಿದ್ರೆ ಪವರಲ್ಲಿ ಹೆಚ್ಚೂಕಮ್ಮಿ ಮೂರನೇ ಒಂದು ಭಾಗ ವೈರನ್ನ ಬಿಸಿ ಮಾಡೋದಕ್ಕೇ ಖರ್ಚು. ಅದೇ ಕಂಪ್ಯೂಟರಿಂದ ಬರೋ ಸಣ್ಣ ಸಿಗ್ನಲ್ ಆದ್ರೆ, ಅದನ್ನ ತಗೊಳ್ಳೋ ಆಂಪ್ಲಿಫೈಯರಿನ ಆಕ್ಸ್ ಇನ್‌ಪುಟ್ ಸಾವಿರಾರು ಓಮ್ ಇರುತ್ತೆ. ಅದರ ಮುಂದೆ ಈ 4 ಓಮ್ ಯಾವ ಲೆಕ್ಕ?

ಒಂದೇ ಜೋಡಿ, ಲೆಫ್ಟು ರೈಟು ಎರಡೂ ಹೇಗೆ ಅಂತೀರಾ? ಅಪ್ಪನ ಆಂಪ್ಲಿಫೈಯರ್ ಮಾನೋ, ಅಂದ್ರೆ ಲೆಫ್ಟು ರೈಟು ಅಂತ ಬೇರೆ ಇಲ್ಲ, ಒಂದೇ ದನಿ; ಕ್ಯಾಸೆಟ್ ತುಂಬಿಸಿದ್ದೂ ಮಾನೋ. ಹಾಗಂತ ಜಾಕ್‌ನಲ್ಲಿ ಲೆಫ್ಟು ರೈಟು ಸೇರಿಸಿ ಬೆಸುಗೆ ಹಾಕ್ಬೇಡಿ, ಸೌಂಡ್ ಕಾರ್ಡಿನ ಎರಡು ಔಟ್‌ಪುಟ್ ಒಂದಕ್ಕೊಂದು ಗುದ್ದಾಡ್ತವೆ. ವಿಂಡೋಸ್ ಸೆಟ್ಟಿಂಗ್ಸಲ್ಲಿ ಮಾನೋ ಆಡಿಯೋ ಅಂತ ಒಂದು ಸ್ವಿಚ್ ಇದೆ, ಆನ್ ಮಾಡಿ ಲೆಫ್ಟ್ ಮಾತ್ರ ತಗೊಳ್ಳಿ. ಜಾಕ್‌ನ ತುದಿ ಲೆಫ್ಟು, ಬುಡ ಗ್ರೌಂಡು; ಒಂದೊಂದಕ್ಕೆ ಒಂದೊಂದು ಎಳೆ.

ಕನೆಕ್ಟ್ ಮಾಡಿ ಹಾಡು ಹಾಕಿದೆ. ಬಂತು. ಮೇಷ್ಟ್ರ ಕೆಮ್ಮು ಸಮೇತ ಬಂತು. ಜೊತೆಗೆ ಗುಂಯ್ ಅಂತ ಒಂದೇ ಸಮನೆ ಹಮ್ಮಿಂಗ್. "ಶ್ರುತಿ ಪೆಟ್ಟಿಗೆ ಯಾವಾಗ ಸೇರಿಸ್ದೆ?" ಅಂದ್ರು ಅಪ್ಪ.

ತುಂಬಾ ಜನ ಇಲ್ಲಿಗೇ ಕೈಬಿಡ್ತಾರೆ, ವೈರ್ ಸರಿ ಇಲ್ಲ ಅಂತ. ವೈರ್ ಸರಿಯಾಗೇ ಇದೆ. ಪರೀಕ್ಷೆ ಸುಲಭ: ಕಂಪ್ಯೂಟರ್ ಬದಲು ಲ್ಯಾಪ್‌ಟಾಪ್ ಹಾಕಿ, ಚಾರ್ಜರ್ ಕಿತ್ತುಬಿಡಿ. ಕೇಳಿ... ಹಮ್ಮಿಂಗ್ ಇಲ್ಲ. ಚಾರ್ಜರ್ ಹಾಕಿದೆ, ಬಂತು. ಅಂದ್ರೆ ಅದು ಅರ್ಥ್‌ನಿಂದ ಬರ್ತಿದೆ. ಮೇಲಿನ ಪ್ಲಗ್ಗಿನ ಅರ್ಥ್ ಒಂದು ದಾರೀಲಿ ಇಳಿಯುತ್ತೆ, ಕೆಳಗಿಂದು ಇನ್ನೊಂದು ದಾರೀಲಿ. ಎರಡರ ನಡುವೆ ಒಂದಿಷ್ಟು ಮಿಲಿವೋಲ್ಟ್ ವ್ಯತ್ಯಾಸ ಇದ್ದೇ ಇರುತ್ತೆ. ಇಷ್ಟು ದಿನ ಅವೆರಡೂ ತಮ್ಮ ಪಾಡಿಗೆ ತಾವಿದ್ವು. ನಮ್ಮ ಗ್ರೌಂಡ್ ಎಳೆ ಈಗ ಎರಡನ್ನೂ ಕಟ್ಟಿಹಾಕ್ತು, ಅದರಲ್ಲಿ 50 ಹರ್ಟ್ಸ್ ಕರೆಂಟ್ ಹರಿಯುತ್ತೆ, ಆಂಪ್ಲಿಫೈಯರ್ ಪಾಪ ಅದನ್ನೂ ಹಾಡು ಅಂದ್ಕೊಳ್ಳುತ್ತೆ.

ಮೂರು ಪಿನ್ ಪ್ಲಗ್ಗಿನ ಅರ್ಥ್ ಪಿನ್ ಕಿತ್ತಾಕಿ ಹಮ್ಮಿಂಗ್ ನಿಲ್ಸೋರನ್ನ ನಾನು ನೋಡಿದೀನಿ. ನಿಲ್ಲುತ್ತೆ, ನಿಜ. ಆದ್ರೆ ಆಂಪ್ಲಿಫೈಯರ್ ಬಾಡಿ ಕಬ್ಬಿಣದ್ದು, ಅದನ್ನ ಮುಟ್ಟೋದು ನಮ್ಮಪ್ಪ. ದಯವಿಟ್ಟು ಮಾಡ್ಬೇಡಿ.

ಸರಿಯಾದ ಮದ್ದು ಇದು, ಹೆಬ್ಬೆರಳಿನ ಉಗುರಷ್ಟಿರೋ ಟ್ರಾನ್ಸ್‌ಫಾರ್ಮರ್. 600 ಓಮ್‌ಗೆ 600 ಓಮ್, ಒಂದಕ್ಕೊಂದು. ಹಳೇ ಡಯಲ್‌ಅಪ್ ಮೋಡೆಮ್ ಗುಜರೀಲಿ ಸಿಕ್ಕಿದ್ರೆ ಅದರ ಬೋರ್ಡಲ್ಲೂ ಇಂಥದ್ದಿರುತ್ತೆ, ಬೇಸ್, ಅಂದ್ರೆ ತಗ್ಗು ದನಿ, ಸ್ವಲ್ಪ ಸೊರಗುತ್ತೆ ಅಷ್ಟೆ. ಬೆಸುಗೆ ಬರದಿದ್ರೆ ಕಾರ್ ಸ್ಟೀರಿಯೋದವರ ಹತ್ರ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೇಳಿ, ಒಳಗಿರೋದು ಇದೇ. ನಾನು ಎರಡೂ ತುದೀಲಿ ಒಂದೊಂದು ಹಾಕಿದೀನಿ. ಹಾಡು ಕಾಂತಕ್ಷೇತ್ರವಾಗಿ ದಾಟುತ್ತೆ, ತಾಮ್ರಕ್ಕೆ ತಾಮ್ರ ತಾಗಲ್ಲ, ಹಾಗಾಗಿ ಅರ್ಥ್ ಅರ್ಥ್ ಸೇರಲ್ಲ. ಇನ್ನು ಟ್ರಾನ್ಸ್‌ಫಾರ್ಮರ್ ಸುರುಳಿಗೆ ಎರಡು ಎಳೆಯ ನಡುವಿನ ವ್ಯತ್ಯಾಸ ಬಿಟ್ಟು ಬೇರೇನೂ ಗೊತ್ತಾಗಲ್ಲ, ಆಗ ಹೇಳಿದ್ನಲ್ಲ, ಅದೇ.

ಕಂಪ್ಯೂಟರ್ ವಾಲ್ಯೂಮ್ ಮೇಲ್ಗಡೆ ಮುಕ್ಕಾಲಿಗಿಂತ ಜಾಸ್ತಿ ಇಟ್ಟು, ಕೆಳಗೆ ಆಂಪ್ಲಿಫೈಯರಲ್ಲಿ ಕಮ್ಮಿ ಮಾಡ್ಕೊಳ್ಳಿ. ಉಲ್ಟಾ ಮಾಡಿದ್ರೆ ಹಾಡಿನ ಜೊತೆ ಗೊರಗೊರನೂ ದೊಡ್ಡದಾಗುತ್ತೆ.

ಸ್ಟೀರಿಯೋ ಬೇಕು, ಮನೇಲಿ ಲ್ಯಾನ್ ಕೇಬಲ್ ಎಳೆಸಿದೀವಿ ಅನ್ನೋರಿಗೆ: ಅದರಲ್ಲಿ ನಾಲ್ಕು ಜೋಡಿ ಇದೆ. 100 ಎಂಬಿಪಿಎಸ್ ನೆಟ್‌ಗೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು, ನೀಲಿ ಮತ್ತು ಕಂದು ಜೋಡಿ ಹಾಡಿಗೆ ಕೊಡ್ಬಹುದು. ಗಿಗಾಬಿಟ್ ಬೇಕು ಅಂದ್ರೆ ನಾಲ್ಕೂ ಬೇಕು, ಆಗ ಇದು ನಡೆಯಲ್ಲ. ಮತ್ತೆ ಆ ಕೇಬಲ್ಲೇ ಸಿಸಿಟಿವಿ ಕ್ಯಾಮರಾಗೆ ಪವರನ್ನೂ ಒಯ್ತಿದ್ರೆ, ಎಷ್ಟೋ ಕಡೆ ಅದು ಹೋಗೋದು ಇದೇ ನೀಲಿ ಕಂದು ಜೋಡೀಲಿ. ಡಿಶ್ ಕೇಬಲ್ ಕಥೆನೂ ಅಷ್ಟೇ, ಸೆಟ್‌ಟಾಪ್ ಬಾಕ್ಸ್ ಅದರೊಳಗೆ 13 ಅಥವಾ 18 ವೋಲ್ಟ್ ಕಳಿಸ್ತಿರುತ್ತೆ. ಮೊದಲು ಮೀಟರ್ ಹಿಡಿದು ನೋಡಿ, ಆಮೇಲೆ ಕಟಿಂಗ್ ಪ್ಲೇಯರ್ ತಗೊಳ್ಳಿ.