ಮೆಕ್ಸಿಕೋದಲ್ಲಿ ಊರಿಗೊಂದು ಊಟ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಅಲ್ಲಿಗೆ ಹೋದಾಗ ಎಲ್ಲರೂ ಸೇರಿ ಪಕ್ಕದ ಮೆಕ್ಸಿಕೋಗೂ ಒಂದು ಪ್ರವಾಸ ಹೊರಡುತ್ತಾರೆ. ಸಮುದ್ರ ನೋಡುತ್ತಾರೆ, ಪಿರಮಿಡ್ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಾರೆ. ಊಟಕ್ಕೆ ಮಾತ್ರ ಹೋಟೆಲಿನ ಬಫೆ, ಇಲ್ಲಾಂದ್ರೆ ಪಿಜ್ಜಾ. ಆಹಾರದ ಬಗ್ಗೆ ಪಾಠ ಹೇಳುವ ನನಗೆ ಇದನ್ನು ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಇವತ್ತು ಒಂದೇ ಮಾತು ಹೇಳುತ್ತೇನೆ. ಮೆಕ್ಸಿಕೋದಲ್ಲಿ ಯಾವ ಊರಿಗೆ ಹೋಗುತ್ತೀರೋ ಆ ಊರಿನ ಅಡುಗೆ ತಿನ್ನಿ. ಮೆಕ್ಸಿಕನ್ ಊಟ ಅಂತ ಒಂದೇ ಊಟ ಇಲ್ಲ. ವಹಾಕಾದ ಅಡುಗೆ ಬೇರೆ, ಪ್ವೆಬ್ಲಾದ್ದು ಬೇರೆ, ಯುಕಟಾನಿನದು ಪೂರ್ತಿ ಬೇರೆ. ಯುಕಟಾನಿಗೆ ಹೋಗಿ ವಹಾಕಾದ ತಿಂಡಿ ಹುಡುಕುವುದು ಮಂಗಳೂರಿಗೆ ಹೋಗಿ ಜೋಳದ ರೊಟ್ಟಿ ಹುಡುಕಿದ ಹಾಗೆ. ನೀವು ಮಾಲ್‌ಗಳಲ್ಲಿ ತಿಂದಿರುವ ಗಟ್ಟಿ ಚಿಪ್ಪಿನ ಟಾಕೊ, ಅದರ ಮೇಲಿನ ಹಳದಿ ಚೀಸ್, ಇವೆಲ್ಲ ಗಡಿಯಾಚೆ ಅಮೆರಿಕದಲ್ಲಿ ಬೆಳೆದ ರುಚಿ. ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಮೆಕ್ಸಿಕೋದ ಸಾಂಪ್ರದಾಯಿಕ ಅಡುಗೆಯನ್ನು 2010ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ ಮಾದರಿಯಾಗಿ ತೋರಿಸಿದ್ದು ಕೂಡ ಮಿಚೊಅಕಾನ್ ಎಂಬ ಒಂದು ರಾಜ್ಯದ ಅಡುಗೆಯನ್ನೇ.

ಎಲ್ಲ ಊರಿಗೂ ಸಾಮಾನ್ಯವಾದದ್ದು ಒಂದಿದೆ. ಅದು ಮುಸುಕಿನ ಜೋಳ, ನಮ್ಮ ಉತ್ತರ ಕರ್ನಾಟಕದವರು ಹೇಳುವ ಗೋವಿನಜೋಳ. ಅದನ್ನು ಅವರು ಸುಮ್ನೆ ಬೀಸಿ ಹಿಟ್ಟು ಮಾಡುವುದಿಲ್ಲ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ತೊಳೆದು ಅರೆಯುತ್ತಾರೆ. ಹೌದು, ನಾವು ವೀಳ್ಯದೆಲೆಗೆ ಹಚ್ಚುವ ಸುಣ್ಣವೇ. ಇದರಿಂದ ಸಿಪ್ಪೆ ಬಿಡುತ್ತದೆ, ಹಿಟ್ಟು ಅಂಟಿಕೊಳ್ಳುತ್ತದೆ, ಕಾಳಿನಲ್ಲಿ ಬಿಗಿಯಾಗಿ ಕೂತಿದ್ದ ನಿಯಾಸಿನ್ ಎಂಬ ಜೀವಸತ್ವ ನಮ್ಮ ಮೈಗೆ ದಕ್ಕುತ್ತದೆ. ಯುರೋಪಿನವರು ಜೋಳವನ್ನು ತೆಗೆದುಕೊಂಡು ಹೋದರು, ಸುಣ್ಣದ ವಿದ್ಯೆಯನ್ನು ಬಿಟ್ಟುಹೋದರು. ಜೋಳವನ್ನೇ ನಂಬಿದ ಅಲ್ಲಿನ ಬಡವರಿಗೆ ಆ ಜೀವಸತ್ವ ದಕ್ಕದೆ ಪೆಲಾಗ್ರಾ ಎಂಬ ರೋಗ ಬಂತು. ಆದ್ದರಿಂದ ಆ ರೊಟ್ಟಿಯನ್ನು, ಟೋರ್ಟಿಯಾವನ್ನು, ಹೆಂಚಿನಿಂದ ಇಳಿಯುತ್ತಿದ್ದ ಹಾಗೇ ಬಿಸಿಬಿಸಿಯಾಗಿ ತಿನ್ನಿ. ಮಕ್ಕಳು ಮೊದಲು ಅದನ್ನೇ ತಿನ್ನಲಿ.

ಈಗ ವಹಾಕಾಗೆ ಬರೋಣ. ನಾವು ಮನೆಮಂದಿಯೆಲ್ಲ ಹೋಗಿದ್ದೆವು. ಜೊತೆಗೆ ನಮ್ಮ ಅತ್ತೆಯವರೂ ಇದ್ದರು. ಹಾವೇರಿ ಕಡೆಯವರು, ಶುದ್ಧ ಸಸ್ಯಾಹಾರಿ. ವಹಾಕಾ ಅಂದರೆ ಮೋಲೇ, ಅಂದರೆ ಮೆಣಸಿನಕಾಯಿಯ ದಪ್ಪ ಗೊಜ್ಜು. ಅದರಲ್ಲಿ ಏಳು ಬಗೆ ಎಂದು ಅಲ್ಲಿಯವರು ಲೆಕ್ಕ ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡದು ಕಪ್ಪು ಮೋಲೇ. ಅದನ್ನು ಮಾಡುವುದನ್ನೇ ನೋಡೋಣ ಅಂತ ಊರಾಚೆಯ ಒಂದು ಹಳ್ಳಿಯಲ್ಲಿ, ಅಡುಗೆ ಹೇಳಿಕೊಡುವ ಒಬ್ಬ ಹೆಂಗಸಿನ ಮನೆಗೆ ಹೋದೆವು.

ಆ ಅಮ್ಮ ಮೊದಲು ಒಣ ಮೆಣಸಿನಕಾಯಿಗಳನ್ನು ಹರಡಿದರು. ಚಿಲ್ವಾಕ್ಲೆ ಅಂತ ಕಪ್ಪು, ಗುಂಡು ಕಾಯಿ. ಪಸಿಯಾ ಅಂತ ಉದ್ದನೆಯದು. ಮುಲಾಟೊ ಅಂತ ಇನ್ನೊಂದು. ಅತ್ತೆಯವರು ಒಂದೊಂದನ್ನೂ ಕೈಗೆತ್ತಿಕೊಂಡು, ಮುರಿದು, ಮೂಸಿ ನೋಡಿದರು. ಬ್ಯಾಡಗಿ ಮೆಣಸಿನಕಾಯಿ ಆರಿಸಿ ಪಳಗಿದ ಕೈ ಅದು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಅತ್ತೆಯವರು ಒಂದು ಕಾಯಿ ಬೇಡ ಎಂದು ಪಕ್ಕಕ್ಕಿಟ್ಟರೆ ಆಕೆಯೂ ತಲೆಯಾಡಿಸಿ ಅದನ್ನು ತೆಗೆದುಬಿಡುತ್ತಿದ್ದರು.

ಆಮೇಲೆ ಬೀಜ ಬಿಡಿಸಿ, ಸಿಪ್ಪೆಯನ್ನು ಬೇರೆಯಾಗಿ ಹುರಿದರು. ಬೀಜವನ್ನು ಅಂಗಳಕ್ಕೆ ತಂದು, ಒಂದು ಒಣ ಟೋರ್ಟಿಯಾ ಜೊತೆ ಪೂರ್ತಿ ಕರಕಲಾಗುವವರೆಗೆ ಸುಟ್ಟರು. ಘಾಟು ಅಂದರೆ ಘಾಟು! ಮಕ್ಕಳು ಬೀದಿಗೆ ಓಡಿದರು. ಅತ್ತೆಯವರು ಮೂಗಿಗೆ ಸೆರಗು ಹಿಡಿದು ಅಲ್ಲೇ ನಿಂತರು. ಸುಟ್ಟ ಬೀಜವನ್ನು ನೀರಿನಲ್ಲಿ ನೆನೆಸಿ, ತೊಳೆದು, ಅರೆಯಲು ಹಾಕುತ್ತಾರೆ. ಆ ಕಪ್ಪು ಬಣ್ಣ, ಆ ಸಣ್ಣ ಕಹಿ ಬರುವುದು ಅಲ್ಲಿಂದ. ಕಹಿಯನ್ನು ಹದಕ್ಕೆ ತರಲು ಒಣದ್ರಾಕ್ಷಿ, ಬಾಳೆಹಣ್ಣು, ಕೊನೆಯಲ್ಲಿ ಚೂರು ಚಾಕಲೇಟ್. ಎಳ್ಳು, ಬಾದಾಮಿ, ಕಡಲೆಕಾಯಿ, ಲವಂಗ, ಚಕ್ಕೆ, ಟೊಮೇಟೊ ಎಲ್ಲವನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಅಲ್ಲಿ ಅರೆಯುವ ಕಲ್ಲಿನ ಮುಂದೆ ಮಂಡಿಯೂರಿ ಅರೆಯುತ್ತಾರೆ. ಅತ್ತೆಯವರೂ ಮಂಡಿಯೂರಿ ಕೂತು ಗುಂಡು ಹಿಡಿದೇಬಿಟ್ಟರು. ಮೆಣಸಿನಕಾಯಿಯನ್ನು ಮೊದಲು ಬೆಳೆಸಿದ್ದೇ ಈ ನಾಡಿನವರು, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಗೋವಾಕ್ಕೆ ತಂದರು ಅಂತ ನನ್ನ ಮಗ ಅವರಿಗೆ ಹೇಳಿದ. ಅವರು ಅರೆಯುವುದನ್ನು ನಿಲ್ಲಿಸದೆ, "ಹಂಗಾದ್ರ ಇದು ನಮ್ಮ ಮೆಣಸಿನಕಾಯಿ ತವರುಮನಿ" ಅಂದರು.

ನಮಗೋಸ್ಕರ ಆ ಅಮ್ಮ ಹಂದಿ ಕೊಬ್ಬಿನ ಬದಲು ಎಣ್ಣೆ, ಕೋಳಿ ಸಾರಿನ ಬದಲು ನೀರು ಹಾಕಿದರು. ಮಧ್ಯಾಹ್ನ ಅನ್ನದ ಮೇಲೆ ಬಡಿಸಿದರು. ಖಾರ ಕಡಿಮೆ, ಆಳ ಜಾಸ್ತಿ. ಬಾಯಲ್ಲಿ ಎಷ್ಟೋ ಹೊತ್ತು ನಿಲ್ಲುವ ರುಚಿ. ಆ ಊಟ ಸಿಗುವುದು ವಹಾಕಾದಲ್ಲಿ, ಬೀಚ್ ಹೋಟೆಲಿನ ಬಫೆಯಲ್ಲಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಆ ಊರಿನ ಅಡುಗೆ ತಿನ್ನಿ.

ಇದನ್ನೇ ಹೇಳುತ್ತಾ ಸಮಯ ಕಳೆಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಯುಕಟಾನಿನಲ್ಲಿ ಮಾಂಸ ತಿನ್ನುವವರು ಕೊಚಿನೀಟಾ ಪಿಬಿಲ್ ಕೇಳಿ. ಹುಳಿ ಕಿತ್ತಳೆ ರಸ, ರಂಗುಮಾಲೆ ಬೀಜದ ಮಸಾಲೆ ಹಚ್ಚಿದ ಹಂದಿ ಮಾಂಸವನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಮೊಟ್ಟೆ ತಿನ್ನುವವರಿಗೆ ಅಲ್ಲೇ ಪಾಪಡ್‌ಸೂಲೆಸ್ ಇದೆ, ಕುಂಬಳ ಬೀಜದ ಗೊಜ್ಜಿನಲ್ಲಿ ಅದ್ದಿ ಮೊಟ್ಟೆ ತುಂಬಿದ ಟೋರ್ಟಿಯಾ. ಮೆಕ್ಸಿಕೋ ನಗರದ ಸಂತೆಯಲ್ಲಿ ಕುಂಬಳ ಹೂವು ತುಂಬಿ ಮಡಚಿದ ಟೋರ್ಟಿಯಾ, ಅಂದರೆ ಕೆಸಡಿಯಾ, ಪಾಪಾಸುಕಳ್ಳಿಯ ಪಲ್ಯ ಸಿಗುತ್ತದೆ.

ಸಸ್ಯಾಹಾರಿಗಳು ಎರಡು ಮಾತು ಬಾಯಿಪಾಠ ಮಾಡಿಕೊಳ್ಳಿ. 'ಸಿನ್ ಕಾರ್ನೆ' ಅಂದರೆ ಮಾಂಸ ಬೇಡ. 'ಸಿನ್ ಮಂಟೇಕಾ' ಅಂದರೆ ಹಂದಿ ಕೊಬ್ಬು ಬೇಡ. ಬೇಯಿಸಿದ ಬೀನ್ಸ್ ಕಾಳಿನಲ್ಲೂ, ತಮಾಲೆ ಎಂಬ ಜೋಳದ ಹಿಟ್ಟಿನ ಕಡುಬಿನಲ್ಲೂ ಆ ಕೊಬ್ಬು ಇರುತ್ತದೆ, ಕೆಂಪನ್ನಕ್ಕೆ ಕೋಳಿ ಸಾರು ಹಾಕಿರುತ್ತಾರೆ. ಕೇಳಲು ಸಂಕೋಚ ಬೇಡ. ಅಲ್ಲಿ ದೊಡ್ಡ ಊಟ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ಹೊಟ್ಟೆ ಖಾಲಿ ಇಟ್ಟುಕೊಂಡು ಆ ಹೊತ್ತಿಗೇ ಹೋಗಿ.

ಆಗಸ್ಟ್, ಸೆಪ್ಟೆಂಬರಿನಲ್ಲಿ ಹೋಗುವವರು ಪ್ವೆಬ್ಲಾ ಬಿಡಬೇಡಿ. ಹಸಿ ಅಕ್ರೋಟು, ದಾಳಿಂಬೆ ಬರುವ ಕಾಲ ಅದು. ದೊಡ್ಡ ಹಸಿರು ಮೆಣಸಿನಕಾಯಿಗೆ ಹಣ್ಣು, ಮಾಂಸ ತುಂಬಿ, ಮೇಲೆ ಅಕ್ರೋಟಿನ ಬಿಳಿ ಗೊಜ್ಜು, ಕೆಂಪು ದಾಳಿಂಬೆ ಕಾಳು ಹಾಕುತ್ತಾರೆ. ಅವರ ಬಾವುಟದ ಮೂರು ಬಣ್ಣಗಳು. ಚಿಲೆಸ್ ಎನ್ ನೊಗಾಡಾ ಅಂತ ಕೇಳಿ. ಮಾಂಸವಿಲ್ಲದೆ ಮಾಡಿಕೊಡುವವರೂ ಇದ್ದಾರೆ, ವಿಚಾರಿಸಿ. ನಮಸ್ಕಾರ.